ಕನ್ನಡಿಯೊಳಗಿನ ಎಡಗಡೆ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಆ ಬಿಸಿಲಲ್ಲಿ ರಸ್ತೆಗೆ ಡಾಂಬರು ಹಾಕುವಾಗ ಅತ್ತಿಗೆ ಕೊಟ್ಟ ಟೋಪಿ ತಲೆಯ ಮೇಲಿರುತ್ತದೋ, ಊಟದ ಡಬ್ಬಿಯ ಮೇಲೋ? ಫೋನಿನಲ್ಲಾದರೆ ತಮಾಷೆ ಮಾಡಿ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

ನನ್ನ ಮೂಗಿನ ಹೊಳ್ಳೆಯ ಪಕ್ಕ ಒಂದು ಗುಳ್ಳೆ ಇತ್ತು. ಒಣಗುವುದು, ಮತ್ತೆ ರಕ್ತ ಬರುವುದು, ಹೀಗೇ ಒಂದು ವರ್ಷ. ಬ್ಲೇಡು ತಾಗಿದ ಗಾಯವೆಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಊರವರ ಗಡ್ಡ ಕೆರೆದವನು ತನ್ನ ಮುಖವನ್ನೇ ಕೊಯ್ದುಕೊಂಡ ಎಂದು ಯಾರಿಗೆ ಹೇಳಲಿ? ಕೊನೆಗೆ ಡಾಕ್ಟರಿಗೆ ತೋರಿಸಿದೆ. ಚೂರು ತೆಗೆದು ಪರೀಕ್ಷೆ ಮಾಡಿದರು. ಚರ್ಮದ ಕ್ಯಾನ್ಸರ್ ಅಂತೆ. ತುಂಬ ಜನಕ್ಕೆ ಬರುವಂಥದ್ದು, ನಿಧಾನದ್ದು, ಬೇರೆ ಕಡೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಅಲ್ಲೇ ತಿನ್ನುತ್ತಾ ಹೋಗುತ್ತದಂತೆ. ನಾನೋ, ಡಾಕ್ಟರ ಕಿವಿಯ ಮೇಲಿನ ಕೂದಲು ಒಂದು ಕಡೆ ಹೆಚ್ಚುಕಡಿಮೆಯಾಗಿದೆಯಲ್ಲ ಎಂದು ನೋಡುತ್ತಾ ಕೂತಿದ್ದೆ.

ಗುಳ್ಳೆ ಎಲ್ಲಿ ಎಂಬುದಕ್ಕೆ ಫಾರಂನಲ್ಲಿ ಎಡಗಡೆ ಎಂದು ಬರೆದಿದ್ದೆ. ಡಾಕ್ಟರು ಮುಖ ನೋಡಿ, "ಇದು ಬಲಗಡೆ ಅಲ್ವೇನ್ರೀ?" ಅಂದರು. ದಿನವಿಡೀ ಕನ್ನಡಿಯ ಮುಂದೆ ನಿಲ್ಲುವವನಿಗೆ ತನ್ನ ಮುಖವೇ ತಿರುಗುಮುರುಗು! ನರ್ಸಮ್ಮ ನಕ್ಕರು. ನನಗೆ ನಗು ಬರಲಿಲ್ಲ, ಅಣ್ಣಾ.

ಮೇಲುಮೇಲಿನದಾಗಿದ್ದರೆ ಮುಲಾಮು ಹಚ್ಚಿಯೋ ತಣ್ಣಗೆ ಹೆಪ್ಪುಗಟ್ಟಿಸಿಯೋ ತೆಗೆಯಬಹುದಿತ್ತಂತೆ. ನನ್ನದು ಆಳಕ್ಕಿಳಿದಿದೆ. ಕಿರಣದ ಚಿಕಿತ್ಸೆಯೂ ಉಂಟು, ಅದಕ್ಕೆ ವಾರಗಟ್ಟಲೆ ಓಡಾಡಬೇಕು. ಮೂಗಿನ ಜಾಗಕ್ಕೆ ಕೊಯ್ಯುವುದೇ ಒಳ್ಳೆಯದು ಅಂದರು. ಒಂದೊಂದು ಪದರ ತೆಗೆದು, ಅಲ್ಲೇ ಪರೀಕ್ಷೆ ಮಾಡಿ, ಅಂಚು ಶುದ್ಧವಾಗುವವರೆಗೂ ಕೊಯ್ಯುತ್ತಾರೆ. ಆಮೇಲೆ ಕಿವಿಯ ಹಿಂದಿನ ಚರ್ಮ ತಂದು ತೇಪೆ. ಆಗಲಿ ಎಂದು ಸಹಿ ಹಾಕಿ ಬಂದು ಇಬ್ಬರಿಗೆ ಕಟಿಂಗ್ ಮಾಡಿದೆ. ಮುಂದಿನ ವಾರ ಗುರುವಾರ ಆಪರೇಷನ್. ನೀನು ಓಡಿ ಬರಬೇಡ, ಮನೆಯವಳು ಜೊತೆಗಿರುತ್ತಾಳೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಮ್ಮ,
ಕತ್ತರಿ

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ: ತೇಪೆಗೆಂದು ಡಾಕ್ಟರು ನನ್ನ ಕಿವಿಯ ಹಿಂದೆ ಬೆರಳಿಟ್ಟಾಗ ನಿನ್ನ ಕಿವಿ ನೆನಪಾಯಿತು. ಹೋದ ಸಲ ನಿನ್ನ ಕೂದಲು ಕತ್ತರಿಸುವಾಗ ಅಲ್ಲೊಂದು ಹೊಳೆಯುವ ಗುಳ್ಳೆ ಇತ್ತು, ಬಾಚಣಿಗೆ ತಾಗಿ ರಕ್ತ ಬಂತು. "ಏನೋ ಅದು?" ಅಂದೆ ನೀನು. ನನ್ನ ಕೈಯದೇ ತಪ್ಪೆಂದು ನಾಚಿಕೊಂಡು, "ಏನಿಲ್ಲ ಬಿಡಣ್ಣ" ಎಂದು ಕೂದಲು ಬಾಚಿ ಮುಚ್ಚಿಬಿಟ್ಟೆ. ತಪ್ಪಾಯ್ತಣ್ಣ. ಇದು ಕೈಸೇರಿದ ದಿನವೇ ಹೋಗಿ ತೋರಿಸು. ಬಲಗಿವಿ. ಇದರಲ್ಲಿ ಎಡಬಲ ತಪ್ಪಿಲ್ಲ, ನಿನ್ನ ಹಿಂದೆಯೇ ನಿಂತು ನೋಡಿದ್ದೇನೆ.