ಎಂಟನೆಯ ದಿನದ ಹೆಸರು

ಜೂನ್ 8, ಶನಿವಾರ
ಮತ್ತೆ ತಾಳೆಹಣ್ಣಿನ ಸಾರು. ಮತ್ತೆ ಬಿಸಿನೀರಿನ ಸ್ನಾನ. ಅಮ್ಮ ಬಿಡುವುದಿಲ್ಲ. ಮಗು ಹುಟ್ಟಿ ಮೂರು ದಿನ. ಗುರುವಾರ ಹುಟ್ಟಿದವಳು, ಹಾಗಾಗಿ ಸದ್ಯಕ್ಕೆ ವಾರದ ಹೆಸರು ‘ಯಾ’. ನಿಜವಾದ ಹೆಸರು ಎಂಟನೆಯ ದಿನ. ಇಡಬೇಕಾದವರು ಗಂಡನ ಅಪ್ಪ, ಮಾವ. ಅಲ್ಲಿಯವರೆಗೆ ನಾನು ಹೊಸ್ತಿಲು ದಾಟುವಂತಿಲ್ಲ.

ಮಾವ ನನ್ನೊಡನೆ ಮಾತು ಬಿಟ್ಟು ಹನ್ನೊಂದು ತಿಂಗಳು. ಮದುವೆಯ ದಿನ, ಗಡಿಬಿಡಿಯಲ್ಲಿ, ಎಡಗೈಯಲ್ಲಿ ಅವರಿಗೆ ನೀರು ಕೊಟ್ಟೆ. ಊರ ಹಿರಿಯರೆಲ್ಲರ ಎದುರು. ಹುಟ್ಟಾ ಎಡಚಿ ನಾನು... ಎದ್ದು ಹೋದರು.

ಜೂನ್ 9
ರೂಢಿಯಂತೆ ಕ್ಷಮೆ ಬೇಡಲು ಅಮ್ಮ ಜಿನ್ ಬಾಟಲಿ ಹಿಡಿದು ಮಾವನ ಮನೆಗೆ ಹೋದಳು. ಬಾಟಲಿಯೊಂದಿಗೇ ವಾಪಸ್.

“ಕೂರಿಸಿದ್ರು, ನೀರು ಕೊಟ್ರು. ಬಂದ ವಿಷ್ಯ ಮಾತ್ರ ಕೇಳ್ಲೇ ಇಲ್ಲ ಕಣೆ. ಅವ್ರು ಕೇಳ್ದೆ ನಾನು ಹೇಗೆ ಬಾಯಿ ಬಿಡ್ಲಿ?”

ಎರಡು ಗಂಟೆ ಸುಮ್ಮನೆ ಕೂತಿದ್ದಳಂತೆ. ಅಮ್ಮ ಅತ್ತದ್ದನ್ನು ನೋಡದಂತೆ ಇದ್ದೆ.

ಜೂನ್ 12, ಬುಧವಾರ ಸಂಜೆ
ನಿನ್ನೆ ನನ್ನ ಸೋದರಮಾವನನ್ನೂ ಕರೆದುಕೊಂಡು ಅಮ್ಮ ಮತ್ತೆ ಹೋದಳು. ಈ ಸಲ ಮಾವ ಬಂದ ವಿಷಯ ಕೇಳಿದರು. ನನ್ನ ಪರವಾಗಿ ಕ್ಷಮೆ ಬೇಡಿದಳು. “ಆ ನೀರು ಇನ್ನೂ ಗಂಟ್ಲಲ್ಲೇ ಇದೆ. ನೋಡೋಣ” ಅಂದರಂತೆ. ಬಾಟಲಿ ಇಟ್ಟುಕೊಂಡರು. ತೆರೆಯಲಿಲ್ಲ.

“ಬರ್ದಿದ್ರೆ ನಾನೇ ಹೆಸರಿಡ್ತೀನಿ” ಅಂದ ಗಂಡ ಕ್ವಾಕು.

“ನಿಮ್ಮಪ್ಪ ಬದುಕಿದ್ದೂ ಬರ್ಲಿಲ್ಲ ಅಂತ ನಾಳೆ ಜನ ಇವಳ ಮುಖಕ್ಕೇ ಅಂತಾರೆ” ಅಂದೆ ನಾನು.

ಅವನು ಎದ್ದು ನಾಳೆಯ ಕುರ್ಚಿಗಳನ್ನು ಒರೆಸತೊಡಗಿದ.

ಜೂನ್ 13, ಬೆಳಿಗ್ಗೆ 5.10
ಅಂಗಳದಲ್ಲಿ ಕುರ್ಚಿ ಹಾಕಿದ್ದಾರೆ. ಎಲ್ಲರೂ ಶುಭದ ಬಿಳಿ ಬಟ್ಟೆಯಲ್ಲಿ. ನಡುವಿನ ಕುರ್ಚಿ ಖಾಲಿ. ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು. ಕ್ವಾಕು ಗೇಟಿನ ಹತ್ತಿರ ಹೋಗಿ ಬರುತ್ತಿದ್ದಾನೆ. ಮೂರನೆಯ ಸಲ.

7.00
ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಮಾವ ಬಂದರು. ಒಬ್ಬರೇ. ಬಲಗಡೆಯಿಂದ ಒಬ್ಬೊಬ್ಬರ ಕೈ ಕುಲುಕುತ್ತ ಬಂದು ನನ್ನ ಮುಂದೆ ನಿಂತರು. ಕೈ ಚಾಚಲಿಲ್ಲ. ಮಗುವನ್ನು ಎತ್ತಿಕೊಂಡರು, ಅಷ್ಟೇ.

ನಾಲಿಗೆಗೆ ಒಂದು ಹನಿ ನೀರು, ಒಂದು ಹನಿ ಜಿನ್. “ನೀನು ನೀರು ಅಂದ್ರೆ ನೀರೇ ಆಗಿರ್ಲಿ. ಜಿನ್ ಅಂದ್ರೆ ಜಿನ್ನೇ ಆಗಿರ್ಲಿ.” ಮೂರು ಸಲ, ಮಗು ಸುಳ್ಳಾಡದಿರಲಿ ಅಂತ. ಆಮೇಲೆ, “ಇವಳು ಯಾ ಡುಫಿಯೆ.”

ಅವರ ತಾಯಿಯ ಹೆಸರು! ಏಳು ಮೊಮ್ಮಕ್ಕಳಲ್ಲಿ ಯಾರಿಗೂ ಇಟ್ಟಿರಲಿಲ್ಲ. 

ಮಗು ಕಿರುಚಿತು. ಮುದುಕರಿಗೆ ದಿಕ್ಕು ತೋಚಲಿಲ್ಲ. “ಅಳ್ಬೇಡಮ್ಮಾ, ಅಳ್ಬೇಡ...” ಆಮೇಲೆ ನನ್ನ ಕಡೆ ತಿರುಗಿ, “ಅಡ್ವೊವಾ, ನಮ್ಮಮ್ಮಂಗೆ ಹಸಿವಾಗಿದೆ. ತಗೋ.”

ನನ್ನ ಹೆಸರು. ಅವರ ಬಾಯಲ್ಲಿ. ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡು ಹಾಲೂಡಿಸಲು ಒಳಗೆ ಬಂದೆ.

ಹೊರಗಿನಿಂದ ಮತ್ತೆ ಕರೆಯುತ್ತಿದ್ದಾರೆ. ಮಾವನೇ, ಹೆಸರು ಹಿಡಿದು —