ಅರ್ಧ ಸಾಕು

ಭಾನುವಾರ, ಜುಲೈ ೧೪

ನನ್ನ ಸಾಸಿವೆಗೆ,

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡುವುದು ಮರ್ಯಾದಸ್ಥರ ಲಕ್ಷಣ. ಎರಡೂ ಸುಳ್ಳಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ಒಂದು ಸಾಲಿನ ಶಾಯಿ ಉಳಿಯಿತು. ಉಳಿಯಲಿಲ್ಲ, ಯಾಕೆ ಬಿಟ್ಟೆ ಎಂದು ವಿವರಿಸುವುದಕ್ಕೆ ಮೂರು ಸಾಲು ಖರ್ಚಾಯಿತು. ನಿಮ್ಮಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ನಗಲು ಶುರುಮಾಡಿರುತ್ತಿದ್ದರು.

ಇದು ಮಾರ್ಚ್ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನು. ಬೆಳಕಿಗೆ ಹಿಡಿದರೆ ಆ ಕಡೆಯ ಹತ್ತೊಂಬತ್ತನೇ ತಾರೀಖು ಕಾಣುತ್ತದೆ. ಹಿಡಿಯಬೇಡ.

ನಿನ್ನ ಪತ್ರ ಬಂತು. ಈ ತಿಂಗಳ ಕೊನೆಗೆ ಔಷಧಿ ಅಂಗಡಿಯ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ, ಅಪ್ಪನ ಬಿ.ಪಿ. ಮಾತ್ರೆಯ ಕಂಪನಿ ಬದಲಾಯಿಸಿದ ಈ ಕೈಯಿಂದ ಇನ್ನೊಬ್ಬರ ಅಪ್ಪನಿಗೆ ಮಾತ್ರೆ ಕೊಡಲಾರೆ ಎಂದು ಬರೆದಿದ್ದೀಯ. ಅದನ್ನು ನಾಲ್ಕು ಸಲ ಓದಿದೆ. ಒಲೆಯ ಮೇಲೆ ಬೇಳೆ ಸೀದುಹೋಯಿತು. ನನ್ನ ಮನೆಯಲ್ಲಿ ಬೇಳೆ ಸೀಯುವುದೆಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀದದ್ದನ್ನೇ ತಿಂದೆ, ಆ ಮಾತು ಬೇರೆ.

ನಿನಗೆ ಒಂದು ಸಂಗತಿ ಹೇಳಬೇಕು. ಆದರೆ ನಾನು ಯಾವ ಅಡುಗೆಯನ್ನೂ ಜೋರು ಉರಿಯಲ್ಲಿ ಮಾಡಿದವಳಲ್ಲ. ಐದು ನಿಮಿಷ ಮೊದಲೇ ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ, ಉಳಿದ ಬಿಸಿಯಲ್ಲೇ ಬೇಯಿಸುವವಳು. ಇದನ್ನೂ ಹಾಗೇ ಹೇಳುತ್ತೇನೆ, ತಡೆದುಕೋ.

ನಮ್ಮ ಮನೆಯ ಸಂವಿಧಾನದಲ್ಲಿ ಇದ್ದದ್ದು ಒಂದೇ ಕಲಮು: ಅರ್ಧ ಸಾಕು. ಪಾತ್ರೆ ತಿಕ್ಕುವ ಸ್ಪಂಜು ತಂದ ದಿನವೇ ಎರಡು ತುಂಡು. ಸೋಪು ಎರಡು ತುಂಡು. ಟೂತ್‌ಪೇಸ್ಟ್ ಟ್ಯೂಬಿನ ಹೊಟ್ಟೆ ಬಗೆದು ಇನ್ನೂ ಒಂದು ವಾರ. ಹಾಲಿನ ಪ್ಯಾಕೆಟ್ ಮೂರು ಸಲ ತೊಳೆದರೆ ಮೂರನೆಯ ನೀರಿಗೂ ಹಾಲಿನ ನೆನಪು ಇರುತ್ತದೆ ಎಂದು ನಾನು ಸಾಧಿಸಿ ತೋರಿಸಿದ್ದೆ. ಅರ್ಧ ಈರುಳ್ಳಿ ಇವತ್ತಿಗೆ, ಅರ್ಧ ನಾಳೆಗೆ. ನಿಮ್ಮಪ್ಪ ಬಂದವರೆದುರೆಲ್ಲ, ‘ಅರ್ಧಾಂಗಿ ಅಂತಾರಲ್ಲ, ಸರಿಯಾಗೇ ಹೆಸರಿಟ್ಟಿದ್ದಾರೆ. ಮದುವೆ ದಿನ ಗಂಡು ಅರ್ಧ ಸಾಕು ಅನ್ನಲಿಲ್ಲವಲ್ಲ, ನನ್ನ ಪುಣ್ಯ’ ಎನ್ನುತ್ತಿದ್ದರು. ನೀನು ಕಿಸಕ್ಕನೆ ನಗುತ್ತಿದ್ದೆ. ನಾನು ಇಬ್ಬರಿಗೂ ಹುರಿದ ಆಲೂಗಡ್ಡೆ ಸಿಪ್ಪೆ ಬಡಿಸಿ ಬಾಯಿ ಮುಚ್ಚಿಸುತ್ತಿದ್ದೆ.

ಹತ್ತೊಂಬತ್ತರ ಆ ಬೆಳಿಗ್ಗೆ, ನಿಮ್ಮಪ್ಪ ಹೋದ ಮೇಲೆ, ಆಸ್ಪತ್ರೆಯಲ್ಲಿ ಡಾಕ್ಟರು, ಮಾತ್ರೆ ತಪ್ಪದೆ ತಗೋತಿದ್ರಾ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದೆ. ಅದು ಸತ್ಯ. ಇತ್ತೀಚೆಗೆ ಮಾತ್ರೆ ಏನಾದರೂ ಬದಲಾಗಿದೆಯಾ ಎಂದು ಮತ್ತೆ ಕೇಳಿದರು. ಆಗ ನಿನ್ನ ಮುಖ ಸುಣ್ಣವಾಯಿತು. ಹಳೆಯ ಕಂಪನಿಯ ಸರಕು ಬರಲಿಲ್ಲವೆಂದು ನೀನು ಜನವರಿಯಲ್ಲಿ ಬೇರೆ ಕಂಪನಿಯದ್ದು ಕಳಿಸಿದ್ದೆಯಲ್ಲ. ಅದೂ ಅದೇ ಔಷಧಿ, ಅಷ್ಟೇ ಶಕ್ತಿ ಎಂದು ಡಾಕ್ಟರು ಎರಡು ಸಲ ಹೇಳಿದರು. ನಿನ್ನ ಕಿವಿಗೆ ಹೋಗಲಿಲ್ಲ.

ನಿಮ್ಮಪ್ಪ ಹೋದ ಹನ್ನೆರಡನೆಯ ದಿನ ಅವರ ಮೇಜು ಒರೆಸುತ್ತಿದ್ದೆ. ಗಡಿಯಾರ ರಿಪೇರಿಯ ಚಿಮಟ, ಸ್ಕ್ರೂಗಳ ಹಿಂದೆ ನನ್ನ ಪೆಪ್ಪರ್‌ಮೆಂಟ್ ಡಬ್ಬಿ ಸಿಕ್ಕಿತು. ನಾನು ಅಂಗಿ ಗುಂಡಿ ಹಾಕಿಡುತ್ತಿದ್ದ ಡಬ್ಬಿ, ಹೋದ ವರ್ಷದಿಂದ ಕಾಣೆಯಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಗುಂಡಿ ಇಲ್ಲ, ಮಾತ್ರೆ. ಎಲ್ಲ ಅರ್ಧರ್ಧ. ಗಡಿಯಾರ ರಿಪೇರಿ ಮಾಡಿದ ಕೈ ನೋಡು, ಒಂದು ಚೂರೂ ಮುಕ್ಕಾಗಿಲ್ಲ. ಮೇಲೆ ಅವರ ಮುತ್ತಿನಂಥ ಅಕ್ಷರದ ಚೀಟಿ: ‘ಉಳಿಕೆ. ಮುಂದಿನ ವರ್ಷ ಮಗಳಿಗೆ ತೊಂದರೆ ಕೊಡಬೇಕಾಗಿಲ್ಲ.’

ದಿನಕ್ಕೆ ಅರ್ಧ ನುಂಗಿ ಅರ್ಧ ಎತ್ತಿಟ್ಟಿದ್ದಾರೆ, ಮಗಳೇ. ಒಂದು ದಿನವೂ ತಪ್ಪದೆ.

ಈಗ ಮುಖ್ಯ ಮಾತು, ಎರಡು ಸಲ ಓದು. ಡಬ್ಬಿಯಲ್ಲಿ ಮೇಲೆ ಇರುವುದು ಗುಲಾಬಿ ಮಾತ್ರೆ, ನೀನು ಆಮೇಲೆ ಕಳಿಸಿದ್ದು. ಅದರ ಕೆಳಗೆ ತಳದವರೆಗೂ ಬಿಳಿ, ಹಳೆಯ ಕಂಪನಿಯದ್ದು. ಅಂದರೆ ನೀನು ಕಂಪನಿ ಬದಲಾಯಿಸುವ ಎಷ್ಟೋ ಮೊದಲೇ ಅವರು ಕತ್ತರಿಸಲು ಶುರುಮಾಡಿದ್ದರು. ನೀನು ಕಳಿಸಿದ್ದು ಸರಿಯಾಗಿತ್ತು. ಇಡಿಯಾಗಿಯೇ ಕಳಿಸಿದ್ದೆ. ಅರ್ಧವಾದದ್ದು ಈ ಮನೆಯಲ್ಲಿ.

ಅಲ್ಲಿಯವರೆಗೆ ನನಗೆ ಇದರ ಗಂಧಗಾಳಿಯೂ ಇರಲಿಲ್ಲ. ಗೊತ್ತಾದ ಮೇಲೂ ನಿನಗೆ ಹೇಳದೆ ಮೂರೂವರೆ ತಿಂಗಳು ಸುಮ್ಮನಿದ್ದೆ. ನೀನು ಫೋನಿನಲ್ಲಿ ಅಳುವಾಗ, ಹಣೆಬರಹ ಬಿಡು ಎಂದು ಸಮಾಧಾನ ಹೇಳಿದೆ. ಅಪ್ಪ ಹೋದರು, ಇದನ್ನು ಹೇಳಿದರೆ ಮಗಳೂ ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದು ಹೆದರಿದ್ದೆ. ಉಳಿಸಿಕೊಳ್ಳುವುದೊಂದೇ ನನಗೆ ಗೊತ್ತಿರುವ ವಿದ್ಯೆ.

ಇಲ್ಲಿಯ ಸಮಾಚಾರ ಹೆಚ್ಚೇನಿಲ್ಲ. ಮೊನ್ನೆ ಹಟಕ್ಕೆ ಬಿದ್ದು ಇಡೀ ಈರುಳ್ಳಿ ಹೆಚ್ಚಿದೆ. ಇಡೀ ಸೋಪು ಬಚ್ಚಲಿಗಿಟ್ಟೆ. ಸೋಪು ಕರಗುವುದೇ ಇಲ್ಲ. ಈರುಳ್ಳಿ ಅರ್ಧ ಉಳಿದುಹೋಯಿತು. ಈಗ ನಿಜವಾಗಿಯೂ ಅರ್ಧ ಸಾಕಾಗುತ್ತಿದೆ. ಹೇಳಿದರೆ ನಗುವವರಿಲ್ಲ.

ಡಬ್ಬಿಯನ್ನು ಈ ಪತ್ರದ ಜೊತೆಯಲ್ಲೇ ಕಳಿಸುತ್ತಿದ್ದೇನೆ. ಕಣ್ಣಾರೆ ನೋಡು. ರಾಜೀನಾಮೆ ಕೊಡಬೇಡ. ನಿನ್ನ ಅಂಗಡಿಗೂ ನನ್ನಂಥವಳ ಗಂಡ ಯಾರಾದರೂ ಬರುತ್ತಾನೆ. ಮಾತ್ರೆ ಕೊಟ್ಟು ಸುಮ್ಮನಾಗಬೇಡ, ಇಡಿಯಾಗಿ ನುಂಗ್ತೀರಾ ಎಂದು ಕೇಳು. ಹಾಗೆ ಕೇಳಲು ನಿನ್ನಷ್ಟು ಹಕ್ಕಿರುವವರು ಬೇರೆ ಯಾರಿದ್ದಾರೆ?

ಉತ್ತರ ಬರೆದರೆ ಬರೆ. ಬರೆಯದಿದ್ದರೂ ಊಟ ಬಿಡಬೇಡ.

ಇಷ್ಟರ ಮೇಲೂ ನಿನ್ನವಳೇ,
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಗಂಧಗಾಳಿ ಇರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಹೊಸ ಹಾಳೆಯಲ್ಲಿ ತಿದ್ದಿ ಬರೆಯಬಹುದಿತ್ತು, ಹಾಳೆ ಹಾಳುಮಾಡುವ ಅಭ್ಯಾಸವಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ನಿಮ್ಮಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅಡುಗೆಮನೆಗೆ ಬಂದರು. ಅಂಗೈಯಲ್ಲಿ ಎರಡು ಬಿಳಿ ಚೂರು. ‘ನೋಡೇ, ಒಂದಿಷ್ಟು ಪುಡಿನೂ ಉದುರಿಲ್ಲ’ ಎಂದರು. ನಾನು ಒಲೆಯಿಂದ ತಿರುಗಿ, ಅಂತೂ ಇಂತೂ ಮೂವತ್ತಾರು ವರ್ಷಕ್ಕೆ ಬುದ್ಧಿ ಬಂತಲ್ಲ ನಿಮಗೆ ಎಂದೆ. ಶಾಲೆಯಲ್ಲಿ ಬಹುಮಾನ ಗೆದ್ದವರ ಹಾಗೆ ನಕ್ಕರು. ಡಬ್ಬಿ ಕಾಣೆಯಾಗಿರಲಿಲ್ಲ. ಗುಂಡಿಗಳನ್ನು ಸುರಿದು, ತೊಳೆದು, ಒರೆಸಿ, ಬಿಸಿಲಲ್ಲಿ ಒಣಗಿಸಿ ಅವರ ಕೈಗೆ ಕೊಟ್ಟವಳು ನಾನೇ.