ಇಬ್ಬರು ಬೇಕಾಗುವ ಪೆಟ್ಟಿಗೆ

ಭಾನುವಾರ, ಮಾರ್ಚ್ ೯

ಪುಟ್ಟಿಗೆ ಅಣ್ಣನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಚೆನ್ನಾಗಿಲ್ಲ, ಆದರೆ ಅದು ನನ್ನ ಮಾತು ಕೇಳಿದ್ದು ಯಾವಾಗ? ಭಾವನವರ ಬೆನ್ನುನೋವು ಹೇಗಿದೆ? ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಕೆಲಸ ಇತ್ತು ಅಂತ ಸುಳ್ಳು ಬರೆಯುವುದಿಲ್ಲ. ಸಿಟ್ಟು ಬಂದಿತ್ತು. "ಆ ಹಳೇ ಕಾರು ಮಾರಿಬಿಡು ಅಣ್ಣ, ವಯಸ್ಸಾಯ್ತು, ಒಬ್ಬನೇ ಯಾಕೆ ಒದ್ದಾಡ್ತೀಯ" ಅಂತ ಬರೆದಿದ್ದೀಯ. ವಯಸ್ಸಾಗಿದ್ದು ಕಾರಿಗೋ ನನಗೋ ಬಿಡಿಸಿ ಬರೆದಿಲ್ಲ. ಫೋನು ಮಾಡಿದ್ದರೆ ಬೈದುಬಿಡುತ್ತಿದ್ದೆ. ಕಾಗದದಲ್ಲಿ ಹಾಗಾಗುವುದಿಲ್ಲ, ಪೆನ್ನು ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ, ಒತ್ತಕ್ಷರ ನೆನಪು ಮಾಡಿಕೊಳ್ಳುವಷ್ಟರಲ್ಲಿ ಉಳಿದರ್ಧ.

ಕಾರು ಮಾರುವುದಿಲ್ಲ. ಅದಕ್ಕೊಂದು ಕಂಪ್ಯೂಟರ್ ತಂದಿದ್ದೇನೆ. ನಗಬೇಡ.

ನಿನ್ನ ಅತ್ತಿಗೆ ತೀರಿಕೊಂಡ ಮೇಲೆ ಕೈಗೆ ಏನಾದರೂ ಕೆಲಸ ಬೇಕಿತ್ತು. ಗುಜರಿಯಲ್ಲಿ ಬಿದ್ದಿದ್ದ ಯಾವುದೋ ದೊಡ್ಡ ಕಾರಿನಿಂದ ಸೂಪರ್‌ಚಾರ್ಜರ್ ಬಿಚ್ಚಿ ತಂದು ನಮ್ಮ ಎಂಜಿನ್‌ಗೆ ಕೂರಿಸಿದೆ. ಮಗುವಿಗೆ ಮೂಗು ಹಿಡಿದು ಔಷಧಿ ಕುಡಿಸುತ್ತಾರಲ್ಲ, ಹಾಗೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬಿಸುವ ಪಂಪು ಅದು. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಕಾರ್ಬುರೇಟರ್‌ಗೆ ಆ ಲೆಕ್ಕ ಹತ್ತಲಿಲ್ಲ. ಏರಿನಲ್ಲಿ ಒತ್ತಿದರೆ ಒಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಸದ್ದು. ಹಾಗೇ ಓಡಿಸಿದ್ದರೆ ಪಿಸ್ಟನ್ ತೂತು ಬಿದ್ದು ಎಂಜಿನ್ ಕಥೆ ಮುಗಿಯುತ್ತಿತ್ತು. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಅಪ್ಪ ಬಿಟ್ಟುಹೋದದ್ದರಲ್ಲಿ ನಾವಿಬ್ಬರೂ ಜಗಳವಾಡದೆ ಉಳಿಸಿಕೊಂಡಿದ್ದು ಆ ಕಾರೊಂದೇ. ಅದಕ್ಕೇ ಕಾರ್ಬುರೇಟರ್ ಕಿತ್ತುಹಾಕಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹಾಕಿದೆ. ಎಷ್ಟು ಚಿಮ್ಮಿಸಬೇಕು, ಕಿಡಿ ಯಾವಾಗ ಹಾರಬೇಕು ಅಂತ ಹೇಳುವುದಕ್ಕೆ ಕಂಪ್ಯೂಟರ್ ಬೇಕು.

ಅದನ್ನು ಮಾರುವ ಅಂಗಡಿಯವನು ಬೋಳುತಲೆಯ ಮನುಷ್ಯ, ಸಮಾಧಾನದವನು. ಅವನ ಹತ್ತಿರ ಬಾಯಿ ತೆಗೆದಾಗ ನನ್ನ ದನಿ ಗೊಗ್ಗರಾಗಿತ್ತು. ಶೀತ ಅಂದುಕೊಂಡೆ. ಆಮೇಲೆ ಹೊಳೆಯಿತು, ಶನಿವಾರದಿಂದ ಯಾರ ಜೊತೆಯೂ ಮಾತೇ ಆಡಿರಲಿಲ್ಲ.

"ಯಜಮಾನ್ರೇ, ಮೊದಲು ಒಂದು ಮ್ಯಾಪ್ ಹಾಕ್ಬೇಕು" ಅಂದ.

"ಹುಟ್ಟಿದಾಗಿಂದ ಇದೇ ಊರಲ್ಲಿದ್ದೀನಿ ಕಣಯ್ಯಾ. ದಾರಿ ನಂಗೆ ಗೊತ್ತು" ಅಂದೆ.

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಅವನೊಬ್ಬ ನಗಲಿಲ್ಲ, ಅದಕ್ಕೇ ಎದ್ದು ಬರದೆ ಕೂತೆ. ಪರದೆಯ ಮೇಲೆ ತೋರಿಸಿದ. ಚೌಕಾಬಾರದ ಹಾಗೆ ಬರೀ ಮನೆಗಳು. ಅಡ್ಡಕ್ಕೆ ಎಂಜಿನ್ನಿನ ವೇಗ, ಉದ್ದಕ್ಕೆ ಗಾಳಿಯ ಒತ್ತಡ, ಎರಡೂ ಕೂಡುವ ಮನೆಯಲ್ಲಿ ಪೆಟ್ರೋಲಿನ ಅಂಕಿ. "ಇದು ಮಗ್ಗಿ ಅಲ್ವೇನಯ್ಯಾ?" ಅಂದೆ. "ಹಾಗೇ ಅನ್ಕೊಳ್ಳಿ" ಅಂದ. ಮಗ್ಗಿಗೆ ಹೆದರಿ ಶಾಲೆ ಬಿಟ್ಟವನನ್ನು ಅದು ಈ ವಯಸ್ಸಿನಲ್ಲಿ ಹುಡುಕಿಕೊಂಡು ಬಂತು ನೋಡು.

ಎರಡು ಕಂಪ್ಯೂಟರ್ ಪೆಟ್ಟಿಗೆ ಮುಂದಿಟ್ಟ. "ಇದು ತಾನೇ ಕಲಿಯುತ್ತೆ. ನೀವು ಓಡಿಸ್ತಾ ಹೋಗಿ, ಅದು ತಿದ್ಕೊಳ್ತಾ ಹೋಗುತ್ತೆ. ಒಬ್ಬರೇ ಇರೋರಿಗೆ ಇದೇ ಸರಿ."

ಒಬ್ಬನೇ ಇದ್ದೀನಿ ಅಂತ ನಾನು ಹೇಳಿರಲಿಲ್ಲ. ಮುಖದ ಮೇಲೆ ಬರೆದಿರುತ್ತದೋ ಏನೋ.

"ಇನ್ನೊಂದು?"

"ಅದಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸ್ಬೇಕು, ಇನ್ನೊಬ್ಬರು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಒಂದೊಂದೇ ಮನೆ ತುಂಬಿಸ್ಬೇಕು. ತಾಳ್ಮೆ ಕೆಲಸ."

ತಾನೇ ಕಲಿಯುವುದು ಕಿಡಿಯ ಹೊತ್ತನ್ನೂ ಕಲಿಯುತ್ತದೋ ಅಂತ ಕೇಳಿದೆ. ಇಲ್ಲವಂತೆ, ಪೆಟ್ರೋಲ್ ಮಾತ್ರವಂತೆ. ಒತ್ತಡ ಏರಿದಾಗ ಪೆಟ್ರೋಲ್ ಸಾಲದೆ ಬಂದರೆ? ಆದ ಮೇಲೆ ತಿದ್ದಿಕೊಳ್ಳುತ್ತದಂತೆ. "ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ದಂಗೆ" ಅಂದೆ. ಅವನಿಗೆ ಬೇಜಾರಾಗಲಿಲ್ಲ. "ಕಿಡಿ ಸ್ವಲ್ಪ ತಡವಾಗಿ ಹಾರೋ ಹಾಗೆ ನಾನೇ ಇಟ್ಟುಕೊಡ್ತೀನಿ, ಪೆಟ್ರೋಲ್ ಸ್ವಲ್ಪ ಧಾರಾಳವಾಗಿ ಬಿಡೋಣ. ಜೋರು ಕಮ್ಮಿ ಆಗುತ್ತೆ, ಎಂಜಿನ್‌ಗೆ ಏನೂ ಆಗಲ್ಲ" ಅಂದ. ನ್ಯಾಯವಾದ ಮಾತು. ನನ್ನ ಜಾಗದಲ್ಲಿ ಬುದ್ಧಿ ಇರುವ ಯಾರೇ ಇದ್ದರೂ ಅದನ್ನೇ ತರುತ್ತಿದ್ದರು.

ನಾನು ಎರಡನೆಯದನ್ನು ತಂದೆ.

"ಪಕ್ಕದಲ್ಲಿ ಕೂರೋಕೆ ಯಾರಿದ್ದಾರೆ?" ಅಂತ ಕೇಳಿದ. "ನನ್ನ ತಂಗಿ ಬರ್ತಾಳೆ, ಲೆಕ್ಕದ ಟೀಚರ್ ಆಗಿದ್ದೋಳು" ಅಂದುಬಿಟ್ಟೆ. ನಿನ್ನನ್ನು ಕೇಳದೆ ಹೇಳಿದೆ. ಗಾಡಿ ಮೆಲ್ಲಗೆ ಓಡುವಷ್ಟಕ್ಕೆ ಅಂಕಿ ತುಂಬಿಸಿ, ಲ್ಯಾಪ್‌ಟಾಪನ್ನೂ ಅವನೇ ಕೊಟ್ಟು ಕಳಿಸಿದ್ದಾನೆ.

ಪಕ್ಕದ ವೆಲ್ಡಿಂಗ್ ಅಂಗಡಿಯವನನ್ನು ಮೊದಲು ಕೂರಿಸಿ ನೋಡಿದೆ. ಅವನು ತಪ್ಪು ಗುಂಡಿ ಒತ್ತಿದ, ನಾನು ಬೈದೆ. ಇನ್ನೊಂದು ಒತ್ತಿದ, ಇನ್ನೂ ಬೈದೆ. ಮೊದಲ ತಿರುವಿನಲ್ಲೇ ಇಳಿದುಬಿಟ್ಟ. "ನಿನ್ ಬಾಯಿ ಪಕ್ಕ ಕೂರೋದಕ್ಕಿಂತ ಬೆಂಕಿ ಪಕ್ಕ ಕೂರೋದೇ ವಾಸಿ ಕಣೋ" ಅಂತ ನಡೆದುಕೊಂಡೇ ಹೋದ. ಈಗ ಎದುರಿಗೆ ಸಿಕ್ಕರೆ ವೆಲ್ಡಿಂಗಿನ ಕಪ್ಪು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಳ್ಳುತ್ತಾನೆ.

ನೀನು ಬಾ. ನನ್ನ ಬೈಗುಳಕ್ಕೆ ಬೈಗುಳ ಸೇರಿಸಿ ವಾಪಸು ಕೊಡುವವಳು ನೀನೊಬ್ಬಳೇ ಉಳಿದಿರುವುದು. ಭಾವನವರನ್ನೂ ಕರೆದುಕೊಂಡು ಬಾ, ಹಿಂದಿನ ಸೀಟಿಗೆ ದಿಂಬು ಹಾಕಿಸುತ್ತೇನೆ. ಮಹಡಿಯ ಕೋಣೆ ಗುಡಿಸಿ ಕಿಟಕಿ ತೆಗೆದಿಟ್ಟಿದ್ದೇನೆ. ಸ್ವಿಚ್ಚಿನ ಮೇಲೆ ನನ್ನ ಗ್ರೀಸಿನ ಬೆರಳಚ್ಚು ಎಷ್ಟು ಉಜ್ಜಿದರೂ ಹೋಗಲಿಲ್ಲ, ಅದನ್ನು ನೋಡಿ ಮುಖ ಸಿಂಡರಿಸಬೇಡ. ಅಡುಗೆ ನಾನೇ ಮಾಡುತ್ತೇನೆ. ಒಬ್ಬನಿಗೆ ಅಂತ ಮಾಡಲು ಇನ್ನೂ ಅಳತೆ ಬಂದಿಲ್ಲ, ಯಾವಾಗಲೂ ಮಿಗುತ್ತದೆ. ಹಾಗಾಗಿ ನಿಮಗೆ ಸಾಲದೆ ಬರುವುದಿಲ್ಲ.

ಬರಲಾಗದಿದ್ದರೆ ನೇರವಾಗಿ ಆಗುವುದಿಲ್ಲ ಅಂತ ಬರೆ. ನೋಡೋಣ, ನೋಡೋಣ ಅಂತ ಮಾತ್ರ ಬರೆಯಬೇಡ.

ನಿಮ್ಮಿಬ್ಬರ ಆರೋಗ್ಯ ಗಟ್ಟಿಯಾಗಿರಲಿ, ಬೆನ್ನು ನೆಟ್ಟಗಾಗಲಿ, ಮನೆಯಲ್ಲಿ ಮಾತು ನಗು ತುಂಬಿರಲಿ.

ಇತಿ,
ನಿನ್ನ ಸಿಡುಕ ಅಣ್ಣ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂತಿದ್ದೆ. ಗುರುವಾರ ತಡೆಯಲಾರದೆ ಒಬ್ಬನೇ ಹೊರಟೆ. ಲ್ಯಾಪ್‌ಟಾಪನ್ನು ಪಕ್ಕದ ಸೀಟಿಗಿಟ್ಟು ಬೆಲ್ಟು ಬಿಗಿದೆ. ಏರಿನಲ್ಲಿ ಮೆಲ್ಲಗೆ ಒತ್ತಿದೆ, ಗಾಡಿ ಚೆನ್ನಾಗಿ ಎಳೆಯಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಪ್ಪನ ಕಾಲದಿಂದ ಪಕ್ಕದ ಸೀಟಿನ ಎದುರಿಗೇ ಇದೆಯಲ್ಲ, ಓಡಿಸುವವನಿಗೆ ಕಾಣುವುದಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ "ಎಷ್ಟೇ?" ಅಂತ ಕೂಗಿದೆ. ನಿನ್ನನ್ನು ಕರೆದದ್ದಲ್ಲ. ಪ್ರತಿ ಏರಿನಲ್ಲೂ ನಾನು ಹಾಗೆ ಕೂಗುತ್ತಿದ್ದೆ, ನಿನ್ನ ಅತ್ತಿಗೆ "ನಿಮ್ಮ ಸಿಟ್ಟಿಗಿಂತ ಸ್ವಲ್ಪ ಕಮ್ಮಿ" ಅಂದು, ಆಮೇಲೆ ಅಂಕಿ ಹೇಳುತ್ತಿದ್ದಳು. ಕೊಂಚ ಬಗ್ಗಿದ್ದರೆ ನನಗೇ ಕಾಣುತ್ತಿತ್ತು. ಬಗ್ಗಲಿಲ್ಲ. ಏರು ಮುಗಿಯುವವರೆಗೂ ಉತ್ತರಕ್ಕೆ ಕಾದೆ. ನೀನು ಬಂದು ಅಲ್ಲಿ ಕೂತಾಗ ನಾನು ಹಾಗೆ ಕೂಗಿದರೆ ಯಾರನ್ನು ಕರೆದೆ ಅಂತ ಕೇಳಬೇಡ. ಅಂಕಿ ಹೇಳಿಬಿಡು, ಸಾಕು.